ಕಂಪ್ಯೂಟರಿಗೆ ಹೊಸ ವಿಂಡೋಸ್ ಬಂತು, ಹಳೆಯ ಮೇಲ್ ಎಲ್ಲಿ ಹೋಯಿತು?



ಕಳೆದ ಸಲ ಕೆಚ್ಚಲು ಬಾವಿನ ಬಗ್ಗೆ ಬರೆದಿದ್ದೆ. ಈ ಸಲ ಕಂಪ್ಯೂಟರಿನ ವಿಷಯ. ದನದ ಡಾಕ್ಟರಿಗೆ ಇದರ ಉಸಾಬರಿ ಯಾಕೆ ಎಂದು ನಿಮಗೆ ಅನಿಸಬಹುದು. ಸತ್ತ ಆಕಳಿನ ವಿಮೆ ಹಣ ಸಂಘದ ಕಂಪ್ಯೂಟರಿನೊಳಗೆ ಸಿಕ್ಕಿಬಿದ್ದದ್ದನ್ನು ನೋಡಿದ ಮೇಲೆ ಬರೆಯಲೇಬೇಕು ಅನಿಸಿತು.

ಜೇವರ್ಗಿ ತಾಲ್ಲೂಕಿನ ಒಂದು ಮಹಿಳಾ ಸಂಘ. ಸದಸ್ಯೆಯೊಬ್ಬರ ಎಚ್.ಎಫ್. ಮಿಶ್ರತಳಿ ಆಕಳು ಸತ್ತಿತ್ತು. ಮರಣೋತ್ತರ ಪರೀಕ್ಷೆಗೆ ಹೋದೆ. ಕಿವಿಯೋಲೆ ಕಿವಿಯಲ್ಲೇ ಇತ್ತು, 12 ಅಂಕಿಗಳೂ ಸ್ಪಷ್ಟವಾಗಿದ್ದವು, ಫೋಟೊ ತೆಗೆದೆವು. ಪಾಲಿಸಿ ಪ್ರತಿ ಕೇಳಿದೆ. “ಸಂಘದಾಗ ಅದ ರೀ ಡಾಕ್ಟ್ರ, ಮೇಲ್‌ನಾಗ ಬಂದಿತ್ತು” ಎಂದರು. ಸಂಘಕ್ಕೆ ಹೋದರೆ ಕಾರ್ಯದರ್ಶಿಯವರ ಮುಖ ಸಪ್ಪಗಿತ್ತು. ನಾಲ್ಕು ದಿನದ ಹಿಂದಷ್ಟೇ ತಾಲ್ಲೂಕು ಊರಿಂದ ಒಬ್ಬ ಹುಡುಗ ಬಂದು ಹಳೆಯ ವಿಂಡೋಸ್ 7 ಇದ್ದ ಕಂಪ್ಯೂಟರಿಗೆ ವಿಂಡೋಸ್ 10 ಹಾಕಿ ಹೋಗಿದ್ದ. “ಹಳೇ ಮೇಲ್ ಒಂದೂ ಕಾಣವಲ್ದು ರೀ” ಎಂದರು. ಪಾಲಿಸಿ, ಹಣ ಕಟ್ಟಿದ ರಸೀದಿ, ಸಂಘದ ಎಲ್ಲ ದನಗಳ ಕಿವಿಯೋಲೆ ಪಟ್ಟಿ, ಎಲ್ಲವೂ ಆ ಮೇಲ್‌ಗಳಲ್ಲೇ ಇದ್ದವು. ಮುದ್ರಿಸಿ ಇಟ್ಟಿರಲಿಲ್ಲ.

ನಾನು ಮೊದಲು ಹೇಳಿದ್ದು, “ಈಗ ಕಂಪ್ಯೂಟರಿನಾಗ ಏನೂ ಹಾಕಬ್ಯಾಡ್ರಿ, ಏನೂ ಅಳಿಸಬ್ಯಾಡ್ರಿ.” ದನ ಸತ್ತಾಗ ನಾವು ಬರುವವರೆಗೆ ಹೂಳಬೇಡಿ ಎಂದು ಹೇಳುತ್ತೇವಲ್ಲ, ಇದೂ ಹಾಗೆಯೇ. ಕಂಪ್ಯೂಟರಿನಲ್ಲಿ ಅಳಿಸಿದ ಕಡತ ಒಮ್ಮೆಗೇ ಮಾಯವಾಗುವುದಿಲ್ಲ. ಆ ಜಾಗ ಖಾಲಿ ಇದೆ ಎಂದು ಗುರುತು ಬೀಳುತ್ತದೆ ಅಷ್ಟೇ. ಅದರ ಮೇಲೆ ಹೊಸದೇನಾದರೂ ಬಂದು ಕುಳಿತರೆ ಮಾತ್ರ ಹಳೆಯದು ಹೋದಂತೆ. ಇದು ಹಳೆಯ ಮಾದರಿಯ ಹಾರ್ಡ್ ಡಿಸ್ಕಿನ ಮಾತು. ಈಗ ಬರುವ ಎಸ್‌ಎಸ್‌ಡಿ ಡಿಸ್ಕುಗಳು ಅಳಿಸಿದ ಜಾಗವನ್ನು ತಾವೇ ಒರೆಸಿಬಿಡುತ್ತವೆ, ಅವುಗಳಿಂದ ಮರಳಿ ಪಡೆಯುವ ಆಸೆ ಬಹಳ ಕಡಿಮೆ.

ಆಮೇಲೆ ಕೇಳಿದ ಪ್ರಶ್ನೆ: ಮೇಲ್ ಹೇಗೆ ತೆರೆಯುತ್ತಿದ್ದಿರಿ? ಇದೇ ಮುಖ್ಯ. ಇಂಟರ್ನೆಟ್‌ಗೆ ಹೋಗಿ ಜಿಮೇಲ್ ತೆರೆದು ಓದುತ್ತಿದ್ದರೆ ನಿಮ್ಮ ಮೇಲ್ ಸಂಘದ ಕಂಪ್ಯೂಟರಿನಲ್ಲಿ ಇರಲೇ ಇಲ್ಲ, ಗೂಗಲ್‌ನವರ ಕಂಪ್ಯೂಟರಿನಲ್ಲಿತ್ತು. ವಿಂಡೋಸ್ ಬದಲಿಸಿದರೂ, ಕಂಪ್ಯೂಟರನ್ನೇ ಮಾರಿದರೂ ಅದಕ್ಕೇನೂ ಆಗುವುದಿಲ್ಲ. ಮೇಲ್ ವಿಳಾಸ, ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಸಾಕು. ಇನ್‌ಬಾಕ್ಸ್‌ನಲ್ಲಿ ಕಾಣದಿದ್ದರೆ ‘ಆಲ್ ಮೇಲ್’ ಒತ್ತಿ ನೋಡಿ, ಹುಡುಕುವ ಜಾಗದಲ್ಲಿ ಕಳುಹಿಸಿದವರ ವಿಳಾಸವನ್ನೋ ಪಾಲಿಸಿ ಎಂಬ ಪದವನ್ನೋ ಬರೆದು ನೋಡಿ. ಅಳಿಸಿದ ಮೇಲ್ ‘ಟ್ರ್ಯಾಶ್’ನಲ್ಲಿ 30 ದಿನ ಇರುತ್ತದೆ.

ಆ ಸಂಘದಲ್ಲಿ ಹಾಗಿರಲಿಲ್ಲ. ವಿಂಡೋಸ್ ಲೈವ್ ಮೇಲ್ ಎಂಬ ತಂತ್ರಾಂಶ ಬಳಸುತ್ತಿದ್ದರು. ಅದು ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅತ್ತ ಕಡೆ ಅಳಿಸುವಂತೆ ಯಾರೋ ಜೋಡಿಸಿಟ್ಟಿದ್ದರು. ಇದ್ದ ಒಂದೇ ಪ್ರತಿ ಆ ಡಿಸ್ಕಿನಲ್ಲಿ.

ನಮ್ಮ ಪುಣ್ಯಕ್ಕೆ ಆ ಹುಡುಗ ಡಿಸ್ಕ್ ಫಾರ್ಮ್ಯಾಟ್ ಮಾಡದೆಯೇ ಹೊಸದನ್ನು ಹಾಕಿದ್ದ. ಹಾಗೆ ಹಾಕಿದಾಗ ವಿಂಡೋಸ್ ಹಳೆಯದನ್ನೆಲ್ಲ ಗಂಟು ಕಟ್ಟಿ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಹೊಸ ಕೊಟ್ಟಿಗೆ ಕಟ್ಟಿಸಿದ್ದೇವೆ, ದನ ಮಾತ್ರ ಇನ್ನೂ ಹಳೆಯ ಕೊಟ್ಟಿಗೆಯಲ್ಲೇ ಕಟ್ಟಿವೆ, ಅಷ್ಟೇ ವ್ಯತ್ಯಾಸ. ಆದರೆ ಹಳೆಯ ಕೊಟ್ಟಿಗೆಗೆ ಗಡುವು ಇದೆ. ಸಾಮಾನ್ಯವಾಗಿ 10 ದಿನಕ್ಕೆ ವಿಂಡೋಸ್ ತಾನಾಗಿಯೇ ಆ ಫೋಲ್ಡರನ್ನು ಅಳಿಸಿಬಿಡುತ್ತದೆ. ನಾವು ಹೋದದ್ದು ನಾಲ್ಕನೇ ದಿನ.

ಅದರೊಳಗೆ ‘ಯೂಸರ್ಸ್’, ಅದರೊಳಗೆ ಸಂಘದ ಹೆಸರಿನ ಫೋಲ್ಡರ್, ಅದರೊಳಗೆ ‘ಆ್ಯಪ್‌ಡೇಟಾ’. ಈ ಆ್ಯಪ್‌ಡೇಟಾ ಮುಚ್ಚಿಟ್ಟ ಫೋಲ್ಡರ್, ಸುಮ್ಮನೆ ಕಾಣುವುದಿಲ್ಲ. ಮೇಲಿನ ‘ವ್ಯೂ’ ಒತ್ತಿ ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿದ ಮೇಲೆ ಕಂಡಿತು. ಮುಂದೆ ‘ಲೋಕಲ್’, ‘ಮೈಕ್ರೋಸಾಫ್ಟ್’, ‘ವಿಂಡೋಸ್ ಲೈವ್ ಮೇಲ್’. ಒಳಗೆ ಇಎಂಎಲ್ ಎಂದು ಕೊನೆಯಾಗುವ ನೂರಾರು ಕಡತಗಳು, ಒಂದೊಂದು ಕಡತವೂ ಒಂದೊಂದು ಮೇಲ್. ಇಡೀ ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿದೆವು, ತೆರೆದು ನೋಡುವ ಅವಸರ ಮಾಡಲಿಲ್ಲ. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆವು. ಪಾಲಿಸಿ ಸಿಕ್ಕಿತು. ಅಂದೇ ಮುದ್ರಿಸಿ, ಮರಣೋತ್ತರ ವರದಿಯ ಜೊತೆ ಕ್ಲೇಮ್ ಅರ್ಜಿ ಹೋಯಿತು. ಆ ಅಕ್ಕನಿಗೆ ಹಣವೂ ಬಂತು.

ನಿಮ್ಮ ಸಂಘದಲ್ಲಿ ಔಟ್‌ಲುಕ್ ಬಳಸುತ್ತಿದ್ದರೆ ಹುಡುಕಬೇಕಾದದ್ದು ಪಿಎಸ್‌ಟಿ ಎಂದು ಕೊನೆಯಾಗುವ ಒಂದೇ ದೊಡ್ಡ ಕಡತ. ಬಹಳ ಸಲ ಅದು ‘ಡಾಕ್ಯುಮೆಂಟ್ಸ್’ ಒಳಗಿನ ‘ಔಟ್‌ಲುಕ್ ಫೈಲ್ಸ್’ನಲ್ಲಿರುತ್ತದೆ. ವಿಂಡೋಸ್ 10ರ ಜೊತೆಗೇ ಬರುತ್ತಿದ್ದ ‘ಮೇಲ್’ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ವಿಂಡೋಸ್ 10ಕ್ಕೇ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಹೀಗಾಗಿ ಈಗ ಊರೂರಲ್ಲಿ ಕಂಪ್ಯೂಟರ್ ಬದಲಿಸುವ ಕೆಲಸ ನಡೆದಿದೆ. ಇದನ್ನು ಈಗಲೇ ಬರೆಯಲು ಅದೂ ಒಂದು ಕಾರಣ.

ಆಳಂದ ಕಡೆಯ ಒಂದು ಸಂಘಕ್ಕೆ ಇಂಥ ಅದೃಷ್ಟ ಇರಲಿಲ್ಲ. ಅಲ್ಲಿ ಫಾರ್ಮ್ಯಾಟ್ ಆಗಿತ್ತು, ಅದರ ಮೇಲೆ ಎರಡು ತಿಂಗಳ ಹಾಲಿನ ಲೆಕ್ಕವೂ ಕೂತಿತ್ತು. ಡಿಸ್ಕಿನ ಆಸೆ ಬಿಟ್ಟು ಮೇಲ್ ಕಳುಹಿಸಿದವರನ್ನೇ ಕೇಳಿದೆವು. ಮೇಲ್‌ಗೆ ಎರಡು ತುದಿ. ನಿಮ್ಮ ಕಡೆ ಹೋದರೂ ಕಳುಹಿಸಿದವರ ‘ಸೆಂಟ್’ನಲ್ಲಿ ಉಳಿದಿರಬಹುದು. ಮೂರು ವಾರ ಹಿಡಿಯಿತು, ಆದರೂ ಬೇಕಾದ ಬಹುತೇಕ ಕಾಗದ ಬಂದವು. ದನದ ಕಿವಿಯೋಲೆ ಸಂಖ್ಯೆ ಕಳೆದಿದ್ದರೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ, ಓಲೆ ಹಾಕಿದಾಗ ನಮ್ಮಲ್ಲಿ ನೋಂದಣಿ ಆಗಿರುತ್ತದೆ.

ಅಫಜಲಪುರದ್ದು ಬೇರೆಯೇ ತಾಪತ್ರಯ. ಅಲ್ಲಿ ಜಿಮೇಲೇ ಇತ್ತು, ಒಂದೂ ಕಳೆದಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೇಳದೆ ತಾನೇ ತೆರೆಯುತ್ತಿತ್ತು, ಹಾಗಾಗಿ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹೊಸದರಲ್ಲಿ ಕೇಳಿತು. ‘ಮರೆತಿದೆ’ ಎಂದು ಒತ್ತಿದರೆ ಗುಪ್ತ ಸಂಖ್ಯೆ ಹಿಂದಿನ ಕಾರ್ಯದರ್ಶಿಯ ಫೋನಿಗೆ ಹೋಗುತ್ತದೆ. ಆಕೆ ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿದ್ದಳು. ಸಿಮ್ ಇನ್ನೂ ಇಟ್ಟುಕೊಂಡಿದ್ದಳು ಎಂಬುದೇ ಸಮಾಧಾನ. ಫೋನ್ ಮಾಡಿ ಸಂಖ್ಯೆ ಕೇಳಿ ಒಳಗೆ ಹೋದೆವು. ಆ ನಂಬರ್ ಬೇರೆಯವರ ಪಾಲಾಗಿದ್ದರೆ ಖಾತೆ ಮರಳಿ ಸಿಗುವುದು ಬಹಳ ಕಷ್ಟವಿತ್ತು. ಇನ್ನೊಂದು ಮಾತು: ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ ಬಂದಿದೆ. ಹಳೆಯ ವಿಳಾಸ ಬಿಟ್ಟು ಹೊಸದು ಮಾಡಿಕೊಂಡ ಸಂಘಗಳು ಹಳೆಯದನ್ನೂ ಆಗಾಗ ತೆರೆದು ನೋಡಬೇಕು.

ನಿಮ್ಮಲ್ಲಿ ಹೆಚ್ಚಿನವರು ಸಂಘದ ಕಂಪ್ಯೂಟರ್ ಮುಟ್ಟುವವರಲ್ಲ, ನನಗೆ ಗೊತ್ತು. ಆದರೆ ಮುಂದಿನ ಸಭೆಯಲ್ಲಿ ಕೇಳಬಹುದಲ್ಲ: ನಮ್ಮ ಮೇಲ್ ಕಂಪ್ಯೂಟರಿನಾಗ ಅದನೋ, ಜಿಮೇಲ್‌ನಾಗ ಅದನೋ? ಪಾಸ್‌ವರ್ಡ್ ಯಾರ ಹತ್ರ ಅದ? ಯಾರ ಫೋನ್ ನಂಬರ್ ಕೊಟ್ಟೀರಿ? ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು, ಆ ಪಾಲಿಸಿ ನಿಮ್ಮ ದನದ್ದು. ಕಂಪ್ಯೂಟರ್ ಹುಡುಗ ಬಂದಾಗ ಎದುರಿಗೆ ಕೂತು, ಮೊದಲು ಮೇಲ್ ಮತ್ತು ಹಾಲಿನ ಲೆಕ್ಕ ಪೆನ್‌ಡ್ರೈವ್‌ಗೆ ತೆಗೆ, ಆಮೇಲೆ ಕೈ ಹಚ್ಚು ಎನ್ನಿ. ಡಿಸ್ಕ್ ಬದಲಿಸಿದರೆ ಹಳೆಯ ಡಿಸ್ಕನ್ನು ಅವನಿಗೆ ಕೊಟ್ಟು ಕಳಿಸಬೇಡಿ, ಅಲ್ಮೇರಾದಲ್ಲಿ ಇಟ್ಟುಕೊಳ್ಳಿ.

ವಿಮೆ ಮಾಡಿಸಿದವರು ಪಾಲಿಸಿಯ ಒಂದು ಪ್ರತಿಯನ್ನು ಮುದ್ರಿಸಿ ಮನೆಗೆ ಒಯ್ಯಿರಿ. ಹಾಳೆಯ ಮೇಲೆ ಕಿವಿಯೋಲೆಯ 12 ಅಂಕಿಗಳನ್ನು ದನದ ಕಿವಿಯಲ್ಲಿರುವುದರ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದು ಅಂಕಿ ಹೆಚ್ಚು ಕಡಿಮೆ ಇದ್ದರೂ ದನ ಬದುಕಿರುವಾಗಲೇ ತಿದ್ದಿಸಿಕೊಳ್ಳಬೇಕು.