ಮಳೆಗಾಲದ ಬೂಟು: ನಿಮ್ಮ ಕಾಲಿಗೆ ಸರಿಯಾದುದನ್ನು ಆರಿಸುವುದು ಹೇಗೆ?



ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್ ತಿಂಗಳು ಬಂತೆಂದರೆ ಹೈನುಗಾರಿಕೆಯ ಕೆಲಸ ಎರಡರಷ್ಟಾಗುತ್ತದೆ. ಬೆಳಗಿನ ಜಾವ ಕೊಟ್ಟಿಗೆಯ ಸಗಣಿ, ಗಂಜಲ ಬಳಿಯಬೇಕು. ಹಾಲು ಕರೆದು ಕ್ಯಾನ್ ಹಿಡಿದು ತೋಟದ ದಾರಿ, ಗದ್ದೆಯ ಅಂಚು, ಕಾಲುಸಂಕ ದಾಟಿ ಸಂಘಕ್ಕೆ ತಲುಪಿಸಬೇಕು. ಮತ್ತೆ ಹಸಿ ಹುಲ್ಲು ಕೊಯ್ದು ಹೊರೆ ತರಬೇಕು. ಸಂಜೆ ಮತ್ತದೇ ಕೆಲಸ. ನಾಲ್ಕು ತಿಂಗಳು ಕಾಲು ಒಣಗುವ ಹೊತ್ತೇ ಇರುವುದಿಲ್ಲ.

ನಮ್ಮಲ್ಲಿ ಹಲವರು ಈ ಕೆಲಸವನ್ನೆಲ್ಲ ಹವಾಯಿ ಚಪ್ಪಲಿಯಲ್ಲಿ ಅಥವಾ ಬರಿಗಾಲಲ್ಲಿ ಮಾಡುತ್ತೇವೆ. ಮನೆಯಲ್ಲಿ ಒಂದು ಜೊತೆ ಗಂಬೂಟು ಇದ್ದರೆ ಅದು ತೋಟಕ್ಕೆ ಔಷಧಿ ಹೊಡೆಯುವ ಗಂಡಸರದ್ದು. ಹಸುವಿಗೆ ರಬ್ಬರ್ ಮ್ಯಾಟ್ ಹಾಸುವ ನಾವು ನಮ್ಮ ಕಾಲಿಗೆ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತೇವೆ. ಆದರೆ ಕರೆಯುವವಳ ಕಾಲು ಉಳುಕಿ ಹದಿನೈದು ದಿನ ಮಲಗಿದರೆ, ಹೊಸ ಕೈಗೆ ಹಸು ಸುಲಭವಾಗಿ ಸೊರೆ ಬಿಡುವುದಿಲ್ಲ. ಹಾಲು ಇಳಿಯುತ್ತದೆ, ಬಟವಾಡೆಯೂ ಇಳಿಯುತ್ತದೆ. ಹಾಗಾಗಿ ಬೂಟನ್ನು ಹಾಲಿನ ಕ್ಯಾನ್, ಹುಲ್ಲು ಕತ್ತರಿಸುವ ಯಂತ್ರದಂತೆ ಕಸುಬಿನ ಸಾಧನವೆಂದೇ ತಿಳಿಯಬೇಕು.

ರಬ್ಬರ್ ಬೂಟು ಹಳ್ಳಿಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. 1853ರಲ್ಲಿ ಹೈರಮ್ ಹಚಿನ್ಸನ್ ಎಂಬ ಅಮೆರಿಕದ ಉದ್ಯಮಿ ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ಆರಂಭಿಸಿದಾಗ, ಅದನ್ನು ಮೊದಲು ಮೆಟ್ಟಿಕೊಂಡವರಲ್ಲಿ ಮರದ ಪಾದರಕ್ಷೆ ಹಾಕಿ ಕೆಸರಲ್ಲಿ ದುಡಿಯುತ್ತಿದ್ದ ಅಲ್ಲಿನ ರೈತರೂ ಇದ್ದರು.

ಒದ್ದೆ ಕಾಲಿನಿಂದ ಏನಾಗುತ್ತದೆ?

ಬಹಳ ಹೊತ್ತು ನೀರಿನಲ್ಲಿರುವ ಚರ್ಮ ಮೆತ್ತಗಾಗಿ ಬೆಳ್ಳಗಾಗುತ್ತದೆ, ಬೆರಳ ಸಂದಿ ಬಿರಿದು ಹುಣ್ಣಾಗುತ್ತದೆ. ಆ ಬಿರುಕೇ ರೋಗಾಣುವಿಗೆ ಬಾಗಿಲು.

ಮುಖ್ಯವಾಗಿ ಇಲಿ ಜ್ವರದ ಬಗ್ಗೆ ತಿಳಿದಿರಬೇಕು. ವೈದ್ಯರು ಇದನ್ನು ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಇಲಿಗಳ ಮೂತ್ರದಲ್ಲಷ್ಟೇ ಅಲ್ಲ, ಸೋಂಕು ತಗುಲಿದ ದನ, ನಾಯಿಗಳ ಮೂತ್ರದಲ್ಲೂ ಇದರ ರೋಗಾಣು ಇರುತ್ತದೆ. ನಿಂತ ನೀರು, ಕೆಸರಿನಲ್ಲಿ ಅದು ಬದುಕಿರುತ್ತದೆ, ಗಾಯದ ಮೂಲಕ ಮೈ ಸೇರುತ್ತದೆ. ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ತಡ ಮಾಡಿದರೆ ಕಾಮಾಲೆ ಬಂದು ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಮಳೆಗಾಲದಲ್ಲಿ ಜ್ವರ ಬಂದರೆ ವೈದ್ಯರಿಗೆ "ನಾನು ಕೊಟ್ಟಿಗೆಯಲ್ಲಿ ಕೆಲಸ ಮಾಡುವವಳು" ಎಂದು ಮೊದಲೇ ಹೇಳಿ. ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಔಷಧಿ ಇದೆ.

ಬರಿಗಾಲಿನಲ್ಲಿ ಒದ್ದೆ ಮಣ್ಣು ತುಳಿದರೆ ಕೊಕ್ಕೆಹುಳು ಅಂಗಾಲಿನ ಚರ್ಮದಿಂದಲೇ ಒಳಹೊಗುತ್ತದೆ. ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಈ ಹುಳು ಹೆಣ್ಣುಮಕ್ಕಳ ರಕ್ತಹೀನತೆಗೆ ಒಂದು ಕಾರಣ. ಇನ್ನು ಹುಲ್ಲು ಕೊಯ್ಯುವಾಗ ಹಾವಿನ ಭಯ. ಹಾವು ಕಡಿತಗಳಲ್ಲಿ ಹೆಚ್ಚಿನವು ಮೊಣಕಾಲಿನಿಂದ ಕೆಳಗೇ ಆಗುತ್ತವೆ. ಗಟ್ಟಿ ಬೂಟು ಸಂಪೂರ್ಣ ರಕ್ಷಣೆ ಅಲ್ಲದಿದ್ದರೂ ಬರಿಗಾಲಿಗಿಂತ ಎಷ್ಟೋ ಮೇಲು.

ಯಾವ ಬೂಟು ಯಾವ ಕೆಲಸಕ್ಕೆ?

*ಪಿವಿಸಿ ಗಂಬೂಟು:* ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು ಇದೇ. ಬೆಲೆ ಕಡಿಮೆ. ಸಗಣಿ, ಗಂಜಲಕ್ಕೆ ಕೆಡುವುದಿಲ್ಲ, ತೊಳೆಯುವುದು ಸುಲಭ. ಆದರೆ ತುಸು ಬಿರುಸು, ದಿನ ಕಳೆದಂತೆ ಮಡಚುವ ಜಾಗದಲ್ಲಿ ಬಿರಿಯುತ್ತದೆ. ಕೊಟ್ಟಿಗೆ ಕೆಲಸಕ್ಕೆ ಸಾಕು. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಪಿವಿಸಿ ಬೂಟಿನ ಭಾರತೀಯ ಮಾನಕದ ಸಂಖ್ಯೆ ಐಎಸ್ 12254.

*ರಬ್ಬರ್ ಗಂಬೂಟು:* ಬೆಲೆ ಹೆಚ್ಚು, ತೂಕವೂ ತುಸು ಹೆಚ್ಚು. ಆದರೆ ಮೃದುವಾಗಿ ಬಾಗುತ್ತದೆ, ಒದ್ದೆ ಕಲ್ಲಿನ ಮೇಲೆ ಪಿವಿಸಿಗಿಂತ ಚೆನ್ನಾಗಿ ಹಿಡಿಯುತ್ತದೆ. ಏರು, ಇಳಿಜಾರು ದಾರಿಯಲ್ಲಿ ಓಡಾಡುವವರಿಗೆ ಒಳ್ಳೆಯದು. ಸೀಮೆಎಣ್ಣೆ, ಡೀಸೆಲ್ ಮತ್ತು ಬಿರುಬಿಸಿಲು ಇದಕ್ಕೆ ಆಗದು.

*ಚಾರಣದ ಬೂಟು:* ಕುದುರೆಮುಖ, ಕೊಡಚಾದ್ರಿ ಹತ್ತಲು ಬರುವವರ ಕಾಲಿನಲ್ಲಿ ನೀವು ಇದನ್ನು ನೋಡಿರುತ್ತೀರಿ. ಮಕ್ಕಳು "ಅಮ್ಮ, ಇದನ್ನೇ ತರುತ್ತೇನೆ" ಎನ್ನಬಹುದು. ಇದರಲ್ಲಿ ಗೋರ್‌ಟೆಕ್ಸ್‌ನಂತಹ ತೆಳು ಪದರ ಇರುತ್ತದೆ. ಮಳೆಹನಿ ಒಳಬರದಂತೆ ತಡೆದು, ಬೆವರಿನ ಆವಿಯನ್ನು ಮಾತ್ರ ಹೊರಬಿಡುವುದು ಅದರ ಕೆಲಸ. ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಆಗುಂಬೆಯಂತಹ ಕಡೆ ಗಾಳಿಯೇ ನೀರಾಗಿರುವಾಗ ಆವಿ ಹೊರಹೋಗುವುದು ನಿಧಾನ. ಒಮ್ಮೆ ಮೇಲಿನಿಂದ ನೀರು ನುಗ್ಗಿದರೆ ಒಣಗಲು ಎರಡು ಮೂರು ದಿನ ಬೇಕು. ಸಗಣಿ, ಗಂಜಲಕ್ಕೆ ಚರ್ಮ, ಹೊಲಿಗೆ ಕೆಡುತ್ತದೆ. ಕಾಲುದಾರಿಯಲ್ಲಿ ಬಹುದೂರ ನಡೆಯುವುದಿದ್ದರೆ ಇದು ಸರಿ, ಕೊಟ್ಟಿಗೆಗೆ ಖಂಡಿತ ಬೇಡ.

ಒಂದೇ ಜೊತೆ ಕೊಳ್ಳುವುದಾದರೆ ಮೀನಖಂಡದ ಅರ್ಧದವರೆಗೆ ಬರುವ, ಆಳ ಗೀರುಗಳ ಅಟ್ಟೆ ಇರುವ ಗಂಬೂಟು ಕೊಳ್ಳಿ. ನಮ್ಮ ಹೆಚ್ಚಿನ ಕೆಲಸಕ್ಕೆ ಅದೇ ಹೊಂದುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಆರು ಪರೀಕ್ಷೆ

1. *ಅಳತೆ ತೆಗೆದುಕೊಂಡು ಹೋಗಿ.* ದಿನವಿಡೀ ನಡೆದ ಕಾಲು ತುಸು ಊದಿರುವುದರಿಂದ ಸಂಜೆಯ ಹೊತ್ತು ಅಳೆಯಿರಿ. ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಸಿ, ಹಿಮ್ಮಡಿಯಿಂದ ಉದ್ದದ ಬೆರಳಿನವರೆಗೆ ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ದೊಡ್ಡ ಪಾದದ ಅಳತೆಯೇ ನಿಮ್ಮ ಅಳತೆ. ಒಂದೊಂದು ಕಂಪನಿಯ ನಂಬರ್ ಒಂದೊಂದು ರೀತಿ ಇರುತ್ತದೆ, ಸೆಂಟಿಮೀಟರ್ ಬದಲಾಗುವುದಿಲ್ಲ.

2. *ಕಾಲುಚೀಲ ಹಾಕಿಯೇ ನೋಡಿ.* ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು. ನಡೆಯುವಾಗ ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು.

3. *ಕಾಲುಂಗುರ ಗಮನಿಸಿ.* ಬೂಟಿನ ಮುಂಭಾಗ ಇಕ್ಕಟ್ಟಾದರೆ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡುತ್ತದೆ. ಬೆರಳುಗಳು ಬಿಡಿಬಿಡಿಯಾಗಿ ಅಲುಗಾಡುವಷ್ಟು ಅಗಲವಿರಲಿ.

4. *ಕುಕ್ಕರಗಾಲಿನಲ್ಲಿ ಕುಳಿತು ನೋಡಿ.* ನಾಚಿಕೆ ಬೇಡ. ಹಾಲು ಕರೆಯಲು ಕೂರುವ ಹಾಗೆಯೇ ಅಂಗಡಿಯಲ್ಲಿ ಕುಳಿತುಕೊಳ್ಳಿ. ಬೂಟಿನ ಮೇಲಂಚು ಮೊಣಕಾಲ ಹಿಂಭಾಗಕ್ಕೆ ಒತ್ತಿದರೆ ಅದು ನಿಮಗೆ ಎತ್ತರವಾಯಿತು. ಗಿಡ್ಡ ಬೂಟು ಕೇಳಿ.

5. *ಅಟ್ಟೆ ತಿರುಗಿಸಿ ನೋಡಿ.* ಗೀರುಗಳು ಆಳವಾಗಿ, ಒಂದರಿಂದ ಒಂದು ದೂರವಾಗಿರಲಿ. ಒತ್ತೊತ್ತಾದ ಗೀರಿನಲ್ಲಿ ಕೆಸರು ತುಂಬಿಕೊಂಡು ಅಟ್ಟೆ ನುಣುಪಾಗುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವ ಅಟ್ಟೆ, ಕಲ್ಲಿನಂತೆ ಗಟ್ಟಿಯಾದ ಅಟ್ಟೆಗಿಂತ ಚೆನ್ನಾಗಿ ಹಿಡಿಯುತ್ತದೆ.

6. *ಕೈಯಿಂದ ಮಡಚಿ ನೋಡಿ.* ಬೆರಳು ಮಡಚುವ ಜಾಗದಲ್ಲಿ ಬಾಗಬೇಕು, ಬಾಗಿದಾಗ ಬಿಳಿ ಗೆರೆ ಅಥವಾ ಬಿರುಕು ಕಾಣಬಾರದು.

ಇಲ್ಲೊಂದು ತೊಡಕಿದೆ. ಗಂಬೂಟುಗಳನ್ನು ಹೆಚ್ಚಾಗಿ ಗಂಡಸರ ಅಳತೆಗೇ ತರಿಸಿಟ್ಟಿರುತ್ತಾರೆ. "ಚಿಕ್ಕದಿಲ್ಲ, ಇದನ್ನೇ ಹಾಕಿಕೊಳ್ಳಿ" ಎಂದರೆ ಒಪ್ಪಬೇಡಿ. ಸಡಿಲ ಬೂಟು ಕೆಸರಿನಲ್ಲಿ ಹೂತು ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಬೀಳುವುದು ಹೀಗೆಯೇ. ಅರ್ಧ ನಂಬರ್ ದೊಡ್ಡದಾದರೆ ಒಳಹಾಸು ಹಾಕಿ ಸರಿಮಾಡಬಹುದು, ಎರಡು ನಂಬರ್ ದೊಡ್ಡದಾದರೆ ಆಗದು. ಹತ್ತಿಪ್ಪತ್ತು ಸದಸ್ಯೆಯರು ತಮ್ಮ ಅಳತೆ ಒಟ್ಟಿಗೆ ಬರೆದುಕೊಟ್ಟರೆ ಅಂಗಡಿಯವರು ತರಿಸಿಕೊಡುತ್ತಾರೆ. ಸಗಟಾಗಿ ಕೊಂಡರೆ ಬೆಲೆಯಲ್ಲೂ ಚೌಕಾಸಿ ಮಾಡಬಹುದು. ಮುಂದಿನ ಸಭೆಯಲ್ಲೇ ಈ ಪಟ್ಟಿ ಮಾಡಿ.

ಹಾಕಿಕೊಳ್ಳುವ ಕ್ರಮ

ನೀರು ಬೂಟಿನೊಳಗೆ ಹೋಗುವುದು ತೂತಿನಿಂದಲೇ ಅಲ್ಲ, ಬಟ್ಟೆಯಿಂದಲೂ ಹೋಗುತ್ತದೆ. ಸೀರೆ, ಲಂಗ ಅಥವಾ ನೈಟಿಯ ಒದ್ದೆ ಅಂಚು ಬೂಟಿನೊಳಗೆ ಸೇರಿದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಒಳಗೆ ಎಳೆಯುತ್ತದೆ. ಸೀರೆಯನ್ನು ಬೂಟಿಗಿಂತ ಮೇಲೆ ಎತ್ತಿ ಕಟ್ಟಿ. ಮಳೆಕೋಟಿನ ಪ್ಯಾಂಟು ಹಾಕುವವರು ಅದನ್ನು ಬೂಟಿನ ಹೊರಗೆ ಬಿಡಬೇಕು.

ಬೂಟು ಹಾಕುವ ಮುನ್ನ ತಲೆಕೆಳಗು ಮಾಡಿ ಕೊಡವಿ. ಚೇಳು, ಕಪ್ಪೆ, ಕೆಲವೊಮ್ಮೆ ಹಾವಿನ ಮರಿಯೂ ಬೆಚ್ಚಗೆ ಕೂತಿರುತ್ತದೆ. ಕೈ ಹಾಕಿ ನೋಡಬೇಡಿ.

ಪಾಚಿ ಕಟ್ಟಿದ ಮುರಕಲ್ಲು, ಅಡಿಕೆ ಮರದ ಕಾಲುಸಂಕದ ಮೇಲೆ ಎಂಥ ಒಳ್ಳೆಯ ಅಟ್ಟೆಯೂ ಜಾರುತ್ತದೆ. ಹೆಜ್ಜೆ ಚಿಕ್ಕದಿರಲಿ, ಒಂದು ಕೈ ಖಾಲಿಯಿರಲಿ. ರಭಸದ ಹಳ್ಳಕ್ಕೆ ಗಂಬೂಟು ಹಾಕಿಕೊಂಡು ಇಳಿಯಲೇಬೇಡಿ. ನೀರು ತುಂಬಿದ ಬೂಟು ಕಾಲನ್ನು ಎತ್ತಲು ಬಿಡುವುದಿಲ್ಲ.

ಹಾವು ಕಡಿದರೆ ಕೂಡಲೇ ಬೂಟು, ಕಾಲ್ಗೆಜ್ಜೆ, ಕಾಲುಂಗುರ ತೆಗೆಯಿಸಿ, ಏಕೆಂದರೆ ಕಾಲು ಊದುತ್ತದೆ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಬೇಡ. ಕಾಲು ಅಲುಗಾಡಿಸದೆ, ನಡೆಸದೆ, ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಒಯ್ಯಿರಿ.

ಒಳಗೂ ಒಣಗಿರಲಿ

ಗಂಬೂಟು ಹೊರಗಿನ ನೀರನ್ನು ತಡೆಯುವಂತೆಯೇ ಒಳಗಿನ ಬೆವರನ್ನೂ ಹೊರಬಿಡುವುದಿಲ್ಲ. ಬೂಟು ಹಾಕಿಯೂ ಕಾಲು ಕೊಳೆಯಿತು ಎನ್ನುವವರು ಸಾಮಾನ್ಯವಾಗಿ ಅದನ್ನು ಬೆಳಗಿನಿಂದ ಸಂಜೆಯವರೆಗೆ ಬಿಚ್ಚದವರು. ಕೊಟ್ಟಿಗೆ ಕೆಲಸ ಮುಗಿದೊಡನೆ ಬಿಚ್ಚಿ, ಸೋಪು ಹಾಕಿ ಕಾಲು ತೊಳೆದು, ಬೆರಳ ಸಂದಿಯನ್ನು ಬಟ್ಟೆಯಿಂದ ಒರೆಸಿ. ರಾತ್ರಿ ಹಿಮ್ಮಡಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಬಿರಿಯುವುದು ಕಡಿಮೆ. ಕಾಲುಚೀಲ ಮೂರು ಜೊತೆಯಾದರೂ ಇರಲಿ, ದಿನವೂ ಒಣಗಿದ್ದನ್ನೇ ಹಾಕಿ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಗಾಯ ಅರಿವಿಗೇ ಬರದಿರಬಹುದು. ಅವರು ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳಲೇಬೇಕು.

ಬೂಟಿನೊಳಗೆ ಹಳೆಯ ಪೇಪರ್ ತುರುಕಿಟ್ಟರೆ ತೇವ ಎಳೆದುಕೊಳ್ಳುತ್ತದೆ. ಆಮೇಲೆ ಎರಡು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ. ಒಲೆಯ ಪಕ್ಕ ಇಡಬೇಡಿ, ಬಿರಿಯುತ್ತದೆ.

ಸೋರುವ ಅನುಮಾನ ಬಂದರೆ ಒಳಗೆ ಒಣ ಪೇಪರ್ ಹಾಕಿ, ಬಾಯಿ ಮುಳುಗದಂತೆ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲಿ ತೂತು. ರಬ್ಬರ್ ಬೂಟಾದರೆ ಸೈಕಲ್ ಟ್ಯೂಬಿನ ಪಂಕ್ಚರ್ ಪ್ಯಾಚ್ ಹಿಡಿಯುತ್ತದೆ. ಪಿವಿಸಿಗೆ ಅದು ನಿಲ್ಲದು, ಪಿವಿಸಿಗೆಂದೇ ಇರುವ ಅಂಟು ಬೇಕು.

ನಿಮ್ಮ ಬೂಟು, ನಿಮ್ಮ ಹಸುವಿನ ಆರೋಗ್ಯ

ಕಾಲುಬಾಯಿ ಜ್ವರದ ವೈರಸ್ ಕೆಸರು, ಸಗಣಿ ಮೆತ್ತಿದ ಬೂಟಿನ ಮೂಲಕವೂ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ನೆರೆಮನೆಯ ಕೊಟ್ಟಿಗೆಗೆ ಹೋಗಿ ಬಂದರೆ, ಜಾತ್ರೆ, ಸಂತೆಯಿಂದ ದನ ತಂದರೆ ಬೂಟು ತೊಳೆಯದೆ ನಿಮ್ಮ ಕೊಟ್ಟಿಗೆಗೆ ಕಾಲಿಡಬೇಡಿ. ಮೊದಲು ಬ್ರಷ್‌ನಿಂದ ಅಟ್ಟೆಯ ಗೀರಿನ ಕೆಸರು ತೆಗೆಯಿರಿ. ಕೆಸರಿದ್ದರೆ ಔಷಧಿ ಒಳಗೆ ತಾಗುವುದಿಲ್ಲ. ಬಳಿಕ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಅದರಲ್ಲಿ ಬೂಟನ್ನು ಅದ್ದಿ ತೆಗೆಯಿರಿ. ತೊಳೆಯಲು ಬರುವ ಗಂಬೂಟಿನ ದೊಡ್ಡ ಅನುಕೂಲ ಇದು. ಬರಿಗಾಲನ್ನಾಗಲಿ, ಬಟ್ಟೆಯ ಶೂವನ್ನಾಗಲಿ ಹೀಗೆ ಅದ್ದಲಾಗದು.

ಮಳೆ ನಿಂತ ಮೇಲೂ ಬೂಟನ್ನು ಅಟ್ಟಕ್ಕೆ ಹಾಕಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ. ಅದರ ಕಾಲ ಮಳೆಯಿಲ್ಲದ ಒಣ ತಿಂಗಳುಗಳು. ಕೊಟ್ಟಿಗೆಗೆ ಹಾಸಲು ಸೊಪ್ಪು, ತರಗೆಲೆ ತರಲು ಬೆಟ್ಟಕ್ಕೆ ಹೋಗುವಾಗ ಕಾಲು ಮುಚ್ಚಿರಲಿ, ಮರಳಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಿ.

ಗುಂಪಿನಲ್ಲಿ ಚರ್ಚಿಸಿ

- ನಮ್ಮ ಸಂಘದಲ್ಲಿ ಸರಿಯಾದ ಅಳತೆಯ ಸ್ವಂತ ಬೂಟು ಇರುವ ಸದಸ್ಯೆಯರು ಎಷ್ಟು ಮಂದಿ?
- ಸಂಘಕ್ಕೆ ಹಾಲು ತರುವ ದಾರಿಯಲ್ಲಿ ಯಾವ ಕಲ್ಲು, ಯಾವ ಸಂಕ ಹೆಚ್ಚು ಜಾರುತ್ತದೆ? ಅಲ್ಲಿಗೆ ಕೈಹಿಡಿ ಕಟ್ಟಲು ಪಂಚಾಯಿತಿಯನ್ನು ಕೇಳಬಹುದೇ?
- ಸಂಘದ ಬಾಗಿಲಲ್ಲಿ ಕಾಲು, ಬೂಟು ತೊಳೆಯಲು ನೀರು, ಬ್ರಷ್ ಇದೆಯೇ?

ದಿನಕ್ಕೆ ಎರಡು ಹೊತ್ತು ತಪ್ಪದೆ ಹಾಲು ತಂದು ಸಂಘವನ್ನು ನಡೆಸುತ್ತಿರುವುದು ನಿಮ್ಮ ಕಾಲುಗಳು. ಈ ಮಳೆಗಾಲದಲ್ಲಿ ಮೊದಲು ಅವುಗಳ ಅಳತೆ ತೆಗೆಯಿರಿ.