ಕೆಜಿಎಫ್‌ಗೆ ಹೋಗುವುದಾದರೆ ಜೊತೆಗೊಬ್ಬರಿರಲಿ

ಮೊದಲ ಸಲ ಹೋದಾಗ ನಾನು ಮಾಡಿದ್ದೆಲ್ಲ ತಪ್ಪೇ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಕಾಲಿಗೆ ಚಪ್ಪಲಿ, ಕೈಯಲ್ಲಿ ಅರ್ಧ ಲೀಟರ್ ನೀರು. ಸಿನಿಮಾ ನೋಡಿ ಹೊರಟವನಿಗೆ ಆ ಊರಿನ ಬಗ್ಗೆ ಗೊತ್ತಿದ್ದದ್ದು ಸೈನೈಡ್ ಗುಡ್ಡವೊಂದೇ. ಬುಡಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಗಾಳಿ ಎದ್ದು ಕಣ್ಣು, ಮೂಗು, ಬಾಯಿಗೆಲ್ಲ ಹಿಟ್ಟಿನಂಥ ಧೂಳು ತುಂಬಿತು. ಅಲ್ಲಿಂದ ತಪ್ಪಿಸಿಕೊಂಡು ಗಣಿಯ ಒಂದು ಗೇಟಿನ ಹತ್ತಿರ ಹೋದರೆ ಕಾವಲಿನವರು, ‘ಒಳಗೆ ಏನೂ ಇಲ್ಲ ಸಾರ್, ಹೋಗಿ’ ಅಂದರು. ನಂಬಿ ವಾಪಸ್ ಬಂದೆ.

ಎರಡನೇ ಸಲ ಹೋದದ್ದು ಇಪ್ಪತ್ತು ವರ್ಷಕ್ಕೂ ಮೇಲೆ ಗಣಿಯೊಳಗೆ ದುಡಿದಿದ್ದ ಒಬ್ಬರ ಜೊತೆ. ಅದೇ ಗೇಟು, ಅದೇ ಪೊದೆ. ಅವರು ಪೊದೆಯ ಆಚೆ ಬೆರಳು ತೋರಿಸಿ, ‘ಅಲ್ಲಿ ಟೋಕನ್ ಕೊಡೋ ಜಾಗ, ಇಲ್ಲಿ ಕೇಜಿಗೆ ಕ್ಯೂ’ ಅನ್ನುತ್ತಿದ್ದಂತೆ ಆ ಖಾಲಿ ಬಯಲು ತುಂಬಿಕೊಂಡಿತು. ಆದ್ದರಿಂದ ಈ ಬರಹದ ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಊಟ, ಬಸ್ಸು, ಕ್ಯಾಮೆರಾ ಇವೆಲ್ಲ ಆಮೇಲೆ. ಮೊದಲು ಗಣಿಯಲ್ಲಿ ಕೆಲಸ ಮಾಡಿದ ಒಬ್ಬರನ್ನು ಹುಡುಕಿಕೊಳ್ಳಿ. ಇಲ್ಲಿ ಬೋರ್ಡುಗಳಿಲ್ಲ. ಇದ್ದಬದ್ದದ್ದೆಲ್ಲ ಜನರ ಬಾಯಲ್ಲಿದೆ.

ಹಾಳು ಬಿದ್ದದ್ದನ್ನು ನೋಡಲು ಜನ ಗ್ರೀಸ್ ತನಕ ಹೋಗುತ್ತಾರೆ. ಅಥೆನ್ಸಿನಲ್ಲಿ ಪಾರ್ಥೆನಾನ್ ನೋಡಿದವರಲ್ಲಿ ಎಷ್ಟು ಮಂದಿ ದಕ್ಷಿಣಕ್ಕಿರುವ ಲಾರಿಯನ್ ಬೆಳ್ಳಿ ಗಣಿಗೆ ಹೋಗುತ್ತಾರೋ ಕಾಣೆ. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಹಡಗುಗಳಿಗೆ ದುಡ್ಡು ಬಂದದ್ದು ಆ ಗಣಿಯಿಂದ. ಒಳಗೆ ತೆವಳಿಕೊಂಡು ಅದಿರು ಅಗೆದವರು ಗುಲಾಮರು. ನಮ್ಮ ಪಕ್ಕದಲ್ಲೂ ಅಂಥದ್ದೇ ಒಂದು ಜೋಡಿ ಇದೆ. ಒಂದು ಕಡೆ ಆವಣಿಯ ಸಾವಿರ ವರ್ಷದ ಕಲ್ಲಿನ ಗುಡಿಗಳು, ಇನ್ನೊಂದು ಕಡೆ 2001ರಲ್ಲಿ ಬಾಗಿಲು ಹಾಕಿದ ಚಿನ್ನದ ಗಣಿ. ಬೆಳಿಗ್ಗೆ ಬೇಗ ಹೊರಟರೆ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು.

ಹೋಗುವುದು ರೈಲಿನಲ್ಲಾದರೆ ಚೆಂದ. ಬೆಂಗಳೂರಿನಿಂದ ಬಂಗಾರಪೇಟೆಗೆ ಸುಮಾರು 70 ಕಿಲೋಮೀಟರ್. ಅಲ್ಲಿಂದ ಕವಲೊಡೆದು ಮಾರಿಕುಪ್ಪಂ ತನಕ ಹೋಗುವ ಪುಟ್ಟ ಲೈನನ್ನು 1894ರಲ್ಲಿ ಗಣಿಗಾಗಿಯೇ ಹಾಕಿದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಸ್ಟೇಷನ್ ಹೆಸರುಗಳನ್ನು ಓದಿಕೊಂಡು ಹೋಗುವುದೇ ಒಂದು ಮಜಾ. ಆದರೆ ಈ ಲೈನಿನ ರೈಲುಗಳು ಮುಖ್ಯವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಅನುಕೂಲಕ್ಕಿರುವಂಥವು. ಬೆಳಿಗ್ಗೆ ಅವರು ಈ ಕಡೆ ಬರುತ್ತಾರೆ, ನೀವು ಆ ಕಡೆ ಹೋಗಬೇಕು. ಹೊಂದುವ ರೈಲು ಸಿಗದಿದ್ದರೆ ಜೋಲಾರಪೇಟೆ ಕಡೆಯ ಯಾವುದಾದರೂ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದು ಬಸ್ಸು ಹತ್ತಿ. ಕಾರಿನವರಿಗೆ ಕೋಲಾರದ ಹಳೆಯ ದಾರಿ ಇದೆ, ಹೊಸಕೋಟೆಯಿಂದ ಬೇತಮಂಗಲದ ಕಡೆ ಬರುವ ಹೊಸ ಎಕ್ಸ್‌ಪ್ರೆಸ್‌ವೇಯೂ ಇದೆ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶವಿಲ್ಲ, ಕೋಲಾರದ ದಾರಿಯೇ ಗತಿ.

ಜೊತೆಗೆ ಬರುವವರು ಸಿಗುವುದು ಎಲ್ಲಿ? ಆಫೀಸಿನಲ್ಲಂತೂ ಅಲ್ಲ. ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್ ಸುತ್ತಮುತ್ತ, ಚಾಂಪಿಯನ್ ರೀಫ್ಸ್ ಕಡೆಯ ಟೀ ಅಂಗಡಿಗಳಲ್ಲಿ ಕೇಳಿ. ಆಟೋ ಓಡಿಸುವವರಲ್ಲಿ ಎಷ್ಟೋ ಜನ ಗಣಿ ಕಾರ್ಮಿಕರ ಮಕ್ಕಳು. ‘ನಮ್ಮಪ್ಪನೇ ಇದ್ದಾರೆ ಸಾರ್’ ಎಂಬ ಉತ್ತರ ಬಂದರೂ ಬರಬಹುದು. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿಕೊಂಡರೆ ಒಳ್ಳೆಯದು. ದುಡ್ಡಿನ ವಿಷಯವನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಆಟೋದ್ದು ಬೇರೆ, ಅವರದ್ದು ಬೇರೆ. ಚೌಕಾಸಿ ಮಾಡಬೇಡಿ. ದಿನವಿಡೀ ನಡೆಸಿ ಕೊನೆಗೆ ‘ಟೀ ಕುಡೀರಿ’ ಅಂತ ಪುಡಿಗಾಸು ಕೊಡುವುದು ತರವಲ್ಲ. ಇಲ್ಲಿನ ಮನೆಮಾತು ಹೆಚ್ಚಾಗಿ ತಮಿಳು, ಮಾರ್ಕೆಟ್ಟಿನಲ್ಲಿ ತೆಲುಗೂ ಕೇಳುತ್ತದೆ, ಕನ್ನಡ ಎಲ್ಲರಿಗೂ ಬರುತ್ತದೆ. ‘ಅಣ್ಣಾ’ ಅಂದರೆ ಯಾವ ಭಾಷೆಗೂ ಸಲ್ಲುತ್ತದೆ.

ಗಣಿಯ ಕಥೆ ಸ್ವಲ್ಪ ಗೊತ್ತಿದ್ದರೆ ಸುತ್ತಾಟಕ್ಕೆ ರುಚಿ ಬರುತ್ತದೆ. ಇಲ್ಲಿನ ಚಿನ್ನವನ್ನು ಬ್ರಿಟಿಷರು ಕಂಡುಹಿಡಿದರು ಅನ್ನುವುದು ಅರ್ಧ ಸತ್ಯ. 1802ರಲ್ಲಿ ಗಡಿ ಸರ್ವೆಗೆ ಬಂದ ಜಾನ್ ವಾರನ್ ಎಂಬ ಅಧಿಕಾರಿ ನೋಡಿದ್ದು ಊರಿನ ಜನ ಆಗಲೇ ಅಗೆದು, ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು. ಎಪ್ಪತ್ತು ವರ್ಷ ಕಳೆದ ಮೇಲೆ, ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಶ್ ಸೈನಿಕ ಲವೆಲ್, ವಾರನ್ ಬರೆದಿಟ್ಟದ್ದನ್ನು ಓದಿ, ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಆಮೇಲೆ ಕಂಪನಿಗಳು ಬಂದವು, ಅಗೆದವು, ದುಡ್ಡು ಕಳೆದುಕೊಂಡವು. 1880ರಲ್ಲಿ ಕೈಹಾಕಿದ ಜಾನ್ ಟೇಲರ್ ಕಂಪನಿಯೂ ಮೊದಲು ಪೆಟ್ಟು ತಿಂದಿತು. ಮೈಸೂರು ಮೈನಿನಲ್ಲಿ ಪ್ಲಮರ್ ಎಂಬಾತ ಹಳೆಯವರು ತೋಡಿ ಬಿಟ್ಟಿದ್ದ ಗುಂಡಿಗಳ ತಳವನ್ನೇ ಇನ್ನೂ ಆಳಕ್ಕೆ ಅಗೆಸಿದ. ಚಾಂಪಿಯನ್ ಅದಿರಿನ ಪಟ್ಟಿ ಸಿಕ್ಕಿದ್ದು ಆಗ. ಅಂದರೆ ದಾರಿ ತೋರಿಸಿದ್ದು ಹೆಸರಿಲ್ಲದ ಯಾರೋ ಹಳಬರ ಗುಂಡಿ.

ಅಲ್ಲಿಂದ ಗಣಿ ಕೆಳಕ್ಕೆ ಇಳಿಯುತ್ತಲೇ ಹೋಯಿತು, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳಲಾರದೆ ಬಂಡೆಯೇ ಬಾಂಬಿನಂತೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎಂಬ ಮಾತು ಬಂದಾಗ ಇಲ್ಲಿನ ಹಿರಿಯರು ದನಿ ತಗ್ಗಿಸುತ್ತಾರೆ, ಹೆಚ್ಚು ಕೆದಕಬೇಡಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ಕರೆಂಟು ತಂದರು. ಬೆಂಗಳೂರಿಗೆ ಬೆಳಕು ಬಂದದ್ದು ಮೂರು ವರ್ಷದ ಮೇಲೆ. 1965ರಲ್ಲಿ ಇದೇ ಗಣಿಯ ಆಳದಲ್ಲಿ ನಮ್ಮ ಟಾಟಾ ಮೂಲವಿಜ್ಞಾನ ಸಂಸ್ಥೆಯವರು, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಜಾಡು ಹಿಡಿದರು. ಅದಿರಿನಲ್ಲಿ ಚಿನ್ನ ತೆಳುವಾಗುತ್ತಾ ಬಂದು, ಖರ್ಚು ಹುಟ್ಟದೆ, 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಒಟ್ಟು ತೆಗೆದದ್ದು ಸುಮಾರು 800 ಟನ್ ಚಿನ್ನ.

ಈಗ ನೋಡಲು ಏನು ಸಿಗುತ್ತದೆ? ಸುರಂಗದೊಳಗೆ ಇಳಿಯುವ ಆಸೆ ಬಿಡಿ. ಒಳಗೆಲ್ಲ ನೀರು ತುಂಬಿದೆ, ಯಾರನ್ನೂ ಬಿಡುವುದಿಲ್ಲ, ಬಿಡಲೂಬಾರದು. ಕಂಪನಿಯ ಆವರಣಕ್ಕೆ ಹೋಗಬೇಕಾದರೆ ಮುಂಚಿತವಾಗಿ ಅನುಮತಿ ಬೇಕು. ಅದು ಸಿಗದಿದ್ದರೂ ದಿನ ಹಾಳಾಗುವುದಿಲ್ಲ. ರಸ್ತೆಯಲ್ಲಿ ನಿಂತರೇ ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರಗಳು ಕಾಣುತ್ತವೆ. ತುದಿಯಲ್ಲಿ ದೊಡ್ಡ ಗಾಲಿ, ಅದರ ಮೇಲೆ ಓಡುತ್ತಿದ್ದ ಹಗ್ಗದ ತುದಿಗೆ ಜನರನ್ನು ಕೆಳಗಿಳಿಸುವ ಕೇಜು. ಊರಿಗಾಂ ಕಡೆ ಹಳೆಯ ದೊರೆಗಳ ಬಂಗಲೆಗಳಿವೆ, ಚಾಂಪಿಯನ್ ರೀಫ್ಸ್‌ನಲ್ಲಿ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚ್ ಇದೆ. ಇವನ್ನು ಬೇಗ ಮುಗಿಸಿ ‘ಲೈನು’ಗಳ ಕಡೆ ನಡೆಯಿರಿ. ಕಾರ್ಮಿಕರ ಮನೆಗಳ ಸಾಲಿಗೆ ಇಲ್ಲಿ ಲೈನು ಅನ್ನುತ್ತಾರೆ. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳು, ತಗ್ಗು ಬಾಗಿಲು, ಹೊರಗೆ ಕೊಡಗಳ ಸಾಲು. ಜನ ಈಗಲೂ ವಾಸವಿದ್ದಾರೆ. ಇದು ಹಾಳೂರಲ್ಲ, ಯಾರದೋ ಮನೆಯ ಅಂಗಳ. ಕೇಳದೆ ಕ್ಯಾಮೆರಾ ಎತ್ತಬೇಡಿ. ಡ್ರೋನ್ ಅಂತೂ ಬೇಡವೇ ಬೇಡ.

ನಮ್ಮ ಜೊತೆಗಿದ್ದ ಅಣ್ಣನವರು ಒಂದು ಲೈನಿನ ತಿರುವಿನಲ್ಲಿ ನಿಂತು ಅಂಗಿಯ ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆದರು. ನಾಣ್ಯಕ್ಕಿಂತ ತುಸು ದೊಡ್ಡದು, ಮೇಲೆ ಹಗ್ಗ ಪೋಣಿಸಲು ತೂತು, ನಡುವೆ ಅಚ್ಚು ಹೊಡೆದ ನಂಬರು. ಬೆರಳಾಡಿಸಿ ಆಡಿಸಿ ಅಂಚು ನುಣ್ಣಗಾಗಿತ್ತು. ಕೆಳಗಿಳಿಯುವಾಗ ತೆಗೆದುಕೊಂಡು ಹೋಗುವುದು, ಮೇಲೆ ಬಂದ ಮೇಲೆ ಒಪ್ಪಿಸುವುದು. ಶಿಫ್ಟ್ ಮುಗಿದ ಮೇಲೂ ಬೋರ್ಡಿನ ಮೇಲೆ ಯಾವ ನಂಬರಿನ ಮೊಳೆ ಖಾಲಿ ಇದೆಯೋ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ. ‘ಕೊನೇ ದಿವಸ ವಾಪಸ್ ಕೊಡ್ಲಿಲ್ಲ. ಯಾರೂ ಕೇಳ್ಲೂ ಇಲ್ಲ’ ಅಂದರು. ಶಾಫ್ಟ್‌ಗಳಿಗೆಲ್ಲ ಗಿಫರ್ಡ್, ಎಡ್ಗರ್, ಆಸ್ಬರ್ನ್ ಎಂದು ದೊರೆಗಳ ಹೆಸರು. ಒಳಗಿಳಿದವರಿಗೆ ನಂಬರು.

ಇನ್ನು ಸೈನೈಡ್ ಗುಡ್ಡಗಳು. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಕೆಸರನ್ನು ಸುರಿದು ಸುರಿದು ಆದದ್ದು. ಇಂಥವು 13 ಇವೆ. ಮಳೆ ಕೊರೆದ ಸೀಳುಗಳಿಂದ ಚೆನ್ನಾಗಿ ಕಾಣುತ್ತವೆ, 2018ರ ‘ಕೆಜಿಎಫ್’ ಚಿತ್ರತಂಡ ಸುಮ್ಮನೆ ಇಲ್ಲಿಗೆ ಬರಲಿಲ್ಲ. ಆದರೆ ಊರಿನವರಿಗೆ ಅವು ಬೇಸಿಗೆಯ ಗಾಳಿಯಲ್ಲಿ ಅನ್ನದ ತಟ್ಟೆಯ ತನಕ ಬರುವ ಧೂಳು. ದೂರದಿಂದ ನೋಡಿ, ಹತ್ತಬೇಡಿ. ಸೀಳಿನ ಅಂಚು ಯಾವಾಗ ಕುಸಿಯುತ್ತದೆ ಅಂತ ಹೇಳಲು ಬರುವುದಿಲ್ಲ. ಮಕ್ಕಳಿದ್ದರೆ ಮಾಸ್ಕ್ ತನ್ನಿ. ನವೆಂಬರಿನಿಂದ ಫೆಬ್ರುವರಿ ತನಕ ಹೋಗುವುದು ಒಳ್ಳೆಯದು, ಆಗಲೂ ಹನ್ನೊಂದು ಗಂಟೆಯೊಳಗೆ ಗುಡ್ಡದ ಕಡೆಯ ಕೆಲಸ ಮುಗಿಸಿ. ಕಾಲಿಗೆ ಬೂಟು, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು.

ಊಟ ರಾಬರ್ಟ್‌ಸನ್‌ಪೇಟೆಯಲ್ಲಿ. ಬಿರಿಯಾನಿ ತಿನ್ನುವವರಿಗೆ ಆಯ್ಕೆ ಬೇಕಾದಷ್ಟಿದೆ, ಸಸ್ಯಾಹಾರಿಗಳಿಗೂ ಕೊರತೆಯಿಲ್ಲ. ಶೌಚಾಲಯ ಹೋಟೆಲಿನಲ್ಲೇ ಮುಗಿಸಿಕೊಳ್ಳಿ, ಮುಂದೆ ಸಿಗುವುದು ಕಷ್ಟ. ಇಷ್ಟರಲ್ಲಿ ಯಾರಾದರೂ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗೋಣ ಅನ್ನುತ್ತಾರೆ. 108 ಅಡಿ ಲಿಂಗ, ಸುತ್ತ ಲೆಕ್ಕವಿಲ್ಲದಷ್ಟು ಲಿಂಗಗಳು. ಹರಕೆ ಇದ್ದರೆ ಹೋಗಿಬನ್ನಿ. ಇಲ್ಲವಾದರೆ ಆ ಹೊತ್ತನ್ನು ಆವಣಿಗೆ ಉಳಿಸಿ. ಹೈದರಾಲಿ ಹುಟ್ಟಿದ ಬೂದಿಕೋಟೆ, ಕೋಲಾರದ ಕೋಲಾರಮ್ಮ ಇವು ಇನ್ನೊಂದು ದಿನಕ್ಕಿರಲಿ.

ಆವಣಿ ಇರುವುದು ಮುಳಬಾಗಿಲು ತಾಲ್ಲೂಕಿನಲ್ಲಿ, ಕೆಜಿಎಫ್‌ನಿಂದ ಗಂಟೆಯೊಳಗಿನ ದಾರಿ. ಹೋಗುವಾಗ ಬೇತಮಂಗಲದ ಮೇಲೆ ಹೋಗಿ. ಗಣಿಗೂ ಗಣಿಯ ಊರಿಗೂ ಕುಡಿಯುವ ನೀರು ಕೊಟ್ಟದ್ದು ಅಲ್ಲಿರುವ ಪಾಲಾರ್ ನದಿಯ ಕೆರೆಯೇ. ಆವಣಿಗೆ ಮೂರೂವರೆ ಹೊತ್ತಿಗೆ ತಲುಪಿದರೆ ಇಳಿಬಿಸಿಲು ಕಲ್ಲಿನ ಮೇಲೆ ಅಡ್ಡಲಾಗಿ ಬೀಳುತ್ತದೆ, ಗೋಡೆಯ ಕೆತ್ತನೆಗಳು ಎದ್ದು ಕಾಣುತ್ತವೆ. ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳಿವೆ. ನೊಳಂಬರ ಕಾಲದ್ದು, ಆಮೇಲೆ ಬಂದವರೂ ಕೈಯಾಡಿಸಿದ್ದಾರೆ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಊರವರು ಹೇಳುತ್ತಾರೆ. ಕಾಲಲ್ಲಿ ಕಸುವಿದ್ದರೆ ಬೆಟ್ಟದ ಮೇಲಿನ ಸೀತೆಯ ಗುಡಿಗೂ ಹತ್ತಬಹುದು. ಸಮಯ ಕಡಿಮೆ ಇದ್ದರೆ ಲಕ್ಷ್ಮಣೇಶ್ವರ ಒಂದನ್ನೇ ನಿಧಾನಕ್ಕೆ ನೋಡಿ. ಒಳಗೆ ಹೋಗಿ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ತನಕ ನಿಂತು ತಲೆ ಎತ್ತಿದರೆ ಛಾವಣಿಯ ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಪಾಲಕರು. ಮೊಬೈಲ್ ಟಾರ್ಚ್ ನೇರ ಹಿಡಿಯಬೇಡಿ, ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಕೇಳಬೇಕಾದ್ದು ತ್ರಿಭುವನಕರ್ತನ ವಿಷಯ. ಹತ್ತನೇ ಶತಮಾನದಲ್ಲಿ ಈ ಸ್ಥಾನದ ಮಠಾಧಿಪತಿಯಾಗಿದ್ದ ಯತಿ. 40 ವರ್ಷ ಆವಣಿಯನ್ನು ಆಳಿ, 50 ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿ, 961ರಲ್ಲಿ ತೀರಿಕೊಂಡ ಎಂದು ಶಾಸನ ಲೆಕ್ಕ ಕೊಡುತ್ತದೆ. ಇದನ್ನು ಹೇಳಿದಾಗ ನಮ್ಮ ಅಣ್ಣನವರು ಜಗಲಿಯ ಮೇಲೆ ಕೂತು ಬೂಟು ಬಿಚ್ಚಿ ಕಲ್ಲು ಕೊಡವುತ್ತಿದ್ದರು. ‘ಕಲ್ಲು ಒಡೆದೋರ ಹೆಸರು ಬರೆದಿಲ್ವಾ?’ ಅಂದರು. ಇಲ್ಲ ಅಂದೆ. ‘ಅಲ್ಲೂ ಇಲ್ಲ’ ಅಂತ ಬೂಟು ಹಾಕಿಕೊಂಡರು.

ಕತ್ತಲಾಗುವ ಮೊದಲೇ ಬಂಗಾರಪೇಟೆಗೆ ಹೊರಡಿ. ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ, ಕಮಿಷನರ್ ಬೌರಿಂಗ್ ನೆನಪಿಗೆ ಇಟ್ಟದ್ದು. ಈಗಿನ ಹೆಸರುವಾಸಿ ಪಾನಿಪುರಿಯದು. ಇಲ್ಲಿನ ಪಾನಿಗೆ ಬಣ್ಣವಿಲ್ಲ, ಲೋಟದ ನೀರಿನಷ್ಟು ತಿಳಿ. ಸಪ್ಪೆ ಅಂದುಕೊಂಡು ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಮೊದಲ ಪ್ಲೇಟಿಗೆ ‘ಖಾರ ಕಮ್ಮಿ’ ಅನ್ನಿ.

ಬೆಂಗಳೂರಿಗೆ ಮರಳುವ ರೈಲನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಸಂಜೆ ಹೊತ್ತಿಗೆ ನಮ್ಮ ಕಡೆಯ ಗಾಡಿ ಹೆಚ್ಚುಕಮ್ಮಿ ಖಾಲಿ, ಸೀಟು ಸಿಗುತ್ತದೆ. ನಾವು ಹೋದ ದಿನ ಎದುರಿನ ಪ್ಲಾಟ್‌ಫಾರ್ಮಿಗೆ ಬೆಂಗಳೂರಿನಿಂದ ಮಾರಿಕುಪ್ಪಂ ಗಾಡಿ ಬಂದು ನಿಂತಿತು. ಬಾಗಿಲಲ್ಲೆಲ್ಲ ಜನ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಚೀಲ. ಅಣ್ಣನವರು ಪಾನಿಪುರಿಯ ಪೊಟ್ಟಣ ಕಂಕುಳಲ್ಲಿ ಇರುಕಿಕೊಂಡು, ‘ಮಗಳು ನಾಲ್ಕನೇ ಡಬ್ಬಿಯಲ್ಲಿ ಇರ್ತಾಳೆ, ಬರ್ತೀನಿ ಸಾರ್’ ಅಂತ ಮೇಲ್ಸೇತುವೆಯ ಮೆಟ್ಟಿಲು ಹತ್ತಿದರು.