ಹಿಟ್ಟು ಕೊಡ್ಸ್ರಿ, ಅಕ್ಕೋರ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ದಂಡೆ ಮೀರಿ ಬಂದಾಗ ನಮ್ಮ ಮನೆಗಳ ಡಬ್ಬಿಗಳಲ್ಲಿ ಪಂಚಮಿಯ ಉಂಡಿ ಇನ್ನೂ ಮುಗಿದಿರಲಿಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆ ಬಾದಾಮಿ ತಾಲ್ಲೂಕಿನಲ್ಲಿ, ಎತ್ತರದ ಊರೊಂದರಲ್ಲಿತ್ತು. ಹೊಳೆಸಾಲಿನ ಹಳ್ಳಿಗಳ ಜನ ಮಕ್ಕಳನ್ನೂ ಗಂಟುಗಳನ್ನೂ ಹೊತ್ತು ಅಲ್ಲಿಗೆ ಬಂದಾಗ ಅವರ ಕೈಗೆ ಮೊದಲು ಸಿಕ್ಕಿದ್ದು ಆ ಶೇಂಗಾ ಉಂಡಿ, ಅಳ್ಳು, ಚಕ್ಕುಲಿಗಳೇ. ಸರ್ಕಾರದ ಗಂಜಿ ಕೇಂದ್ರ ನಮ್ಮ ಶಾಲೆಯಲ್ಲೇ ಶುರುವಾಯಿತು. ಊಟದ ಹೊಣೆ ನೋಡಿಕೊಳ್ಳುವ ನಾಲ್ಕಾರು ಜನರಲ್ಲಿ ನಾನೂ ಒಬ್ಬಳಾದೆ.

ನಮ್ಮ ಕಡೆಯ ನೆರೆಗೊಂದು ರೀತಿಯಿದೆ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಮಲೆನಾಡಿನ ಮಳೆಯಲ್ಲಿ. ಅದಕ್ಕೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು 37.73 ಟಿಎಂಸಿ ನೀರು ಹಿಡಿಯುತ್ತದೆ, ಆದರೆ ಅದು ತುಂಬದ ವರ್ಷಗಳೇ ಹೆಚ್ಚು. ನೀರು ಕಾಣದ ಹೊಳೆಯ ಪಾತ್ರದಲ್ಲಿ ಜಾಲಿಕಂಟಿ ಬೆಳೆಯಿತು, ಹೊಲಗಳೂ ಒಳಗೆ ಸರಿದವು. ಡ್ಯಾಮು ತುಂಬಿ ಗೇಟು ತೆರೆದರೆ ನೀರಿಗೆ ಊರೇ ದಾರಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ನೆರೆ ಬೇರೆ ಥರದ್ದು, ಆಗ ಮಳೆ ನಮ್ಮ ತಲೆಯ ಮೇಲೆಯೇ ಸುರಿದಿತ್ತು. ಮೇಲಿನಿಂದ ಬರುವ ನೀರಾದರೆ ಕೆಲವು ತಾಸು ಮೊದಲು ಸುದ್ದಿ ಸಿಗುತ್ತದೆ. ಅಷ್ಟರಲ್ಲಿ ಜನ ಮಕ್ಕಳು, ದನ, ಕಾಗದಪತ್ರ ಇಷ್ಟನ್ನು ಹೊರಗೆ ತರುತ್ತಾರೆ. ವರ್ಷದ ಜೋಳ ಮನೆಯಲ್ಲೇ ಉಳಿಯುತ್ತದೆ. ಊಟದ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು.

ಹೊರಗಿನವರು ನಂಬಲಿಕ್ಕಿಲ್ಲ, ಆ ದಿನಗಳಲ್ಲಿ ನಮಗೆ ಆಹಾರ ಕಡಿಮೆ ಬೀಳಲಿಲ್ಲ. ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುವ ನಾಡು ಇದು. ಕೊಪ್ಪಳದ ಗವಿಮಠದ ಜಾತ್ರೆಗೆ ಮನೆಮನೆಯವರು ರೊಟ್ಟಿ ಬಡಿದು ಕಳಿಸುವುದನ್ನು ನೋಡಿದವರಿಗೆ ಗೊತ್ತು, ಹೇಳಿಕಳಿಸಿದರೆ ಸಾಕು, ಒಂದು ಓಣಿಯ ಹೆಣ್ಣುಮಕ್ಕಳು ಸಂಜೆಯೊಳಗೆ ಬುಟ್ಟಿಗಟ್ಟಲೆ ರೊಟ್ಟಿ ಕೂಡಿಸುತ್ತಾರೆ. ನೀರು ಬಾರದ ಊರುಗಳಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ನಮ್ಮನ್ನು ಕಾಪಾಡಿದವು. ಚೆನ್ನಾಗಿ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ದೋಣಿಯಲ್ಲೂ ಸಾಗಿಸಬಹುದು. ಆದರೆ ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವೆತು ಬೂಸರು ಹಿಡಿಯುತ್ತದೆ. ಬಿಳಿ ಅರಿವೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟು ಕಳಿಸಿ ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದೆವು. ದೂರದ ಊರುಗಳಿಂದ ಪಲಾವ್, ಚಿತ್ರಾನ್ನ ಹೊತ್ತು ಬಂದವರ ಮನಸ್ಸು ದೊಡ್ಡದು. ಮುಂಜಾನೆ ಮಾಡಿದ ಅನ್ನ ಆ ಹಸಿ ಹವೆಯಲ್ಲಿ ಸಂಜೆಗೆ ಹಳಸುತ್ತಿತ್ತು. ಅದನ್ನು ಮಕ್ಕಳ ತಾಟಿಗೆ ಬಡಿಸದೆ ಬದಿಗಿಡುವುದು ಬಹಳ ಕಷ್ಟದ ಕೆಲಸ, ಆದರೂ ಮಾಡಲೇಬೇಕು. ನೆರೆಯಲ್ಲಿ ವಾಂತಿಭೇದಿ ಶುರುವಾದರೆ ಆಸ್ಪತ್ರೆಗೆ ದಾರಿಯಿರುವುದಿಲ್ಲ.

ಕೊರತೆಯಾದದ್ದು ಸುದ್ದಿಯದು. ಡಾಂಬರು ರಸ್ತೆಯ ಮೇಲಿನ ಕೇಂದ್ರಕ್ಕೆ ಒಂದೇ ಮಧ್ಯಾಹ್ನ ಮೂರು ಕಡೆಯ ಊಟ ಬಂದು ನಿಲ್ಲುತ್ತಿತ್ತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಅದೇ ಹೊತ್ತಿಗೆ ಸೇತುವೆಗಳು ಮುಳುಗಿ ಆಚೆ ದಂಡೆಯಲ್ಲಿ ಉಳಿದ ಸಣ್ಣ ಊರುಗಳ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಹತ್ತು ಕಿಲೋಮೀಟರ್ ದೂರದ ಊರಿಗೆ ಸುತ್ತು ಹಾಕಿ ದೂರದ ದಾರಿಯಲ್ಲಿ ಹೋಗಬೇಕಾಗುತ್ತಿತ್ತು. ಹೀಗಾಗಿ ಶಾಲೆಯ ಕರಿಹಲಗೆಯನ್ನೇ ಲೆಕ್ಕದ ಪುಸ್ತಕ ಮಾಡಿಕೊಂಡೆವು: ಯಾವ ಊರು, ಎಷ್ಟು ಜನ, ಕೊನೆಯ ಊಟ ಯಾವಾಗ, ದಾರಿ ಯಾವ ಕಡೆಯಿಂದ, ಅಲ್ಲಿ ಫೋನ್ ಎತ್ತುವವರು ಯಾರು. ಬಂದ ಗಾಡಿಯನ್ನು ಇಳಿಸಿಕೊಳ್ಳುವ ಮೊದಲು ಹಲಗೆ ನೋಡುತ್ತಿದ್ದೆವು. ನಮಗೆ ಸಾಕಾಗಿದ್ದರೆ ಗಾಡಿ ಮುಂದಿನ ಊರಿಗೆ.

ಜನರ ಲೆಕ್ಕ ಎಲ್ಲಿಂದ ಸಿಗಬೇಕು? ಮತದಾರರ ಪಟ್ಟಿಯಲ್ಲಿ ಕೂಸುಗಳಿಲ್ಲ. ಪಡಿತರ ಚೀಟಿಯಲ್ಲಿ ಗುಳೆ ಹೋದವರೂ ಇರುತ್ತಾರೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಬಹುದಾದ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯದು. ಯಾವ ಮನೆಯಲ್ಲಿ ಬಸುರಿ, ಯಾವ ಮನೆಯಲ್ಲಿ ಬಾಣಂತಿ, ಯಾವ ಮಗುವಿಗೆ ತೂಕ ಕಡಿಮೆ ಎಂಬುದು ಅವರಿಗೆ ಬಾಯಿಪಾಠ. ಸಕ್ಕರೆ ಕಾಯಿಲೆಯ ಹಿರಿಯರು ಯಾರೆಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. ಇವರನ್ನು ಮೊದಲ ದಿನವೇ ಕೂರಿಸಿಕೊಳ್ಳದ ಕೇಂದ್ರದಲ್ಲಿ ಗಟ್ಟಿ ದನಿಯವರಿಗೆ ಎರಡು ಪಾಲು ಹೋಗುತ್ತದೆ.

ಸಾಲಿನಲ್ಲಿ ನಿಲ್ಲದವರನ್ನು ಹುಡುಕಿಕೊಂಡು ಹೋಗಬೇಕು. ದನ ಬಿಟ್ಟು ಬರಲೊಲ್ಲದೆ ದಿಣ್ಣೆಯ ಮೇಲೆ ಕೂತ ಗಂಡಸರಿಗೆ ಬುತ್ತಿ, ಅವರ ಎತ್ತುಗಳಿಗೆ ಮೇವು ಎರಡೂ ಒಟ್ಟಿಗೇ ಹೋಗಬೇಕು. ಎತ್ತಿಗೆ ಹಾಕದೆ ತಾನು ಉಣ್ಣುವ ಒಕ್ಕಲಿಗನನ್ನು ನಾನು ಕಂಡಿಲ್ಲ. ವರ್ಷವಿಡೀ ಹತ್ತು ಮಂದಿಗೆ ಉಣ್ಣಲಿಕ್ಕಿದ ಮನೆತನದ ಹೆಣ್ಣುಮಕ್ಕಳು ತಾಟು ಹಿಡಿದು ನಿಲ್ಲಲಾರದೆ ಕೋಣೆಯ ಮೂಲೆಯಲ್ಲಿ ಕೂತಿರುತ್ತಿದ್ದರು. ಸಾಲು ಬಿಟ್ಟು ಪಂಕ್ತಿ ಹಾಕಿ ಬಡಿಸತೊಡಗಿದ ಮೇಲೆ ಅವರೂ ಉಂಡರು. ಇನ್ನು ಊರ ಕೆಳಗಿನ ಕೇರಿಗೆ ನೀರು ಮೊದಲು ನುಗ್ಗುತ್ತದೆ, ಗಾಡಿ ಕೊನೆಗೆ ಮುಟ್ಟುತ್ತದೆ. ನೆರೆಯ ನಡುವೆಯೂ ಆ ಕೇರಿಯವರನ್ನು ಬೇರೆ ಕೂರಿಸಬೇಕೆಂದು ಕೇಳಿದವರಿದ್ದರು. ಒಂದೇ ಒಲೆ, ಒಂದೇ ಪಂಕ್ತಿ ಎಂದು ಮೊದಲ ಹೊತ್ತಿನಲ್ಲೇ ಗಟ್ಟಿಯಾಗಿ ಹೇಳಿದರೆ ಮಾತ್ರ ಅದು ನಡೆಯುತ್ತದೆ, ಎರಡನೆಯ ದಿನಕ್ಕೆ ತಡವಾಗಿರುತ್ತದೆ.

ಎರಡು ದಿನ ಅನ್ನ ಸಾರು ಉಂಡ ಮೇಲೆ ಅಜ್ಜಿಯೊಬ್ಬರು ನನ್ನನ್ನು ಕರೆದರು. “ಅಕ್ಕೋರ, ಅನ್ನ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದೀಟು ಹಿಟ್ಟು ಕೊಡ್ಸ್ರಿ, ನಾವ ಬಡಕೋತೀವಿ.” ಬಿಸಿಯೂಟದ ಅಡುಗೆಮನೆಯಲ್ಲಿ ಗ್ಯಾಸ್ ಇತ್ತು, ದೊಡ್ಡ ಪಾತ್ರೆಗಳಿದ್ದವು, ಹಂಚು ಅಕ್ಕಪಕ್ಕದ ಮನೆಗಳಿಂದ ಬಂದವು. ರೊಟ್ಟಿ ಬಡಿಯುವ ಸಪ್ಪಳ ಎದ್ದ ಮೇಲೆ ಅಲ್ಲಿನ ಹೆಂಗಸರ ಮುಖ ನೋಡಬೇಕಿತ್ತು. ಬಿಸಿಯೂಟದ ಅಡುಗೆಯವರು ನಿಂತು ನಡೆಸಿದರು, ಉಳಿದವರು ಪಾಳಿ ಹಚ್ಚಿಕೊಂಡರು. ಪರಿಹಾರ ಎಂದು ಬಂದದ್ದು ಆ ಹೊತ್ತಿಗೆ ಅವರದೇ ಅಡುಗೆಯಾಯಿತು. ಹೊರಗಿನಿಂದ ಊಟ ತರುವವರು ಎರಡನೆಯ ದಿನದಿಂದ ಸಾಮಾನು ತರಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಅದೂ ಜೋಳವಲ್ಲ, ಹಿಟ್ಟು. ನೀರು ಇಳಿದು ಜನ ಊರಿಗೆ ಮರಳಿದಾಗ ಚೀಲದ ಜೋಳ ಮೊಳಕೆ ಒಡೆದು ನಾರುತ್ತಿತ್ತು, ಗಿರಣಿಯಲ್ಲಿ ಕೆಸರು ತುಂಬಿತ್ತು, ಕರೆಂಟ್ ಇರಲಿಲ್ಲ. ಕಾಳು ಕೊಟ್ಟರೆ ಬೀಸುವುದೆಲ್ಲಿ? ಶುದ್ಧ ನೀರಿನ ಘಟಕ ನಿಂತಿತ್ತು. ನೆಟ್‌ವರ್ಕ್ ಇಲ್ಲದ ಕಡೆ ಪಡಿತರದ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಪ್ರಯೋಜನವಿರಲಿಲ್ಲ. ಸರ್ಕಾರದ ತುರ್ತು ಪರಿಹಾರ 10,000 ರೂಪಾಯಿ ಬಂದವರಿಗೂ ಊರಲ್ಲಿ ತೆರೆದ ಅಂಗಡಿ ಇರಲಿಲ್ಲ. ಗಂಜಿ ಕೇಂದ್ರ ಮುಚ್ಚಿದ ಮೇಲಿನ ಆ ವಾರಗಳೇ ನಿಜವಾದ ಹಸಿವಿನ ದಿನಗಳು. ಅಷ್ಟರಲ್ಲಿ ಲಾರಿಗಳು ಬರುವುದು ನಿಂತಿರುತ್ತದೆ.

ಹೊಳೆಸಾಲಿನ ಪ್ರತಿ ಪಂಚಾಯ್ತಿಯೂ ಮೇ ತಿಂಗಳೊಳಗೆ ಅಂಗನವಾಡಿಯ ಪಟ್ಟಿ, ಎತ್ತರದ ಶಾಲೆಯ ಬೀಗದ ಕೈ, ನೀರು ಮುಟ್ಟದ ಗಿರಣಿಯ ಮಾಲೀಕರ ಫೋನ್ ನಂಬರ್ ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ದೂರದ ಊರುಗಳಲ್ಲಿರುವ ನೀವು ಮುಂದಿನ ಸಲ ಲಾರಿ ತುಂಬುವ ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿ. ಅರ್ಧ ಸಾಮಾನು ಈಗ ಕಳಿಸಿ, ಇನ್ನರ್ಧ ನೀರು ಇಳಿದ ಮೇಲೆ.